3,35,50,336: ಐದನೆಯ ಪರಿಪೂರ್ಣ ಸಂಖ್ಯೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಂಖ್ಯೆಯ ಬಗ್ಗೆ ಕೇಳುವ ಪ್ರಶ್ನೆಗಳು ಬೇರೆ ಬೇರೆ. ಆದರೆ ಹೆಚ್ಚಿನ ಉತ್ತರಗಳು ಹುಟ್ಟುವುದು ಒಂದೇ ಸಾಲಿನಿಂದ: 3,35,50,336 = 4096 × 8191. ಇಲ್ಲಿ 4096 ಅಂದರೆ 2¹², 8191 ಅಂದರೆ 2¹³ − 1. ಈ ಸಾಲನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡು ಮುಂದೆ ಓದಿ. ಬಹುಪಾಲು ಲೆಕ್ಕಗಳನ್ನು ನೀವೇ ಕೈಯಲ್ಲಿ ಮಾಡಿ ನೋಡಬಹುದು.

ಇದನ್ನು ಹೇಗೆ ಓದುವುದು?

ಮೂರು ಕೋಟಿ ಮೂವತ್ತೈದು ಲಕ್ಷದ ಐವತ್ತು ಸಾವಿರದ ಮುನ್ನೂರ ಮೂವತ್ತಾರು. ಒಟ್ಟು ಎಂಟು ಅಂಕಿ.

ಪರಿಪೂರ್ಣ ಸಂಖ್ಯೆ ಅಂದರೇನು?

ಒಂದು ಸಂಖ್ಯೆಯ ಅಪವರ್ತನಗಳಲ್ಲಿ ಆ ಸಂಖ್ಯೆಯನ್ನೇ ಬಿಟ್ಟು ಉಳಿದವನ್ನೆಲ್ಲ ಕೂಡಿ. ಮೊತ್ತ ಮತ್ತೆ ಅದೇ ಸಂಖ್ಯೆಯಾದರೆ ಅದು ಪರಿಪೂರ್ಣ. ಎಲ್ಲಕ್ಕಿಂತ ಚಿಕ್ಕದು 6: 1 + 2 + 3 = 6. ಆಮೇಲೆ 28: 1 + 2 + 4 + 7 + 14 = 28. ನಂತರ 496, 8128. ಐದನೆಯದೇ ನಮ್ಮ 3,35,50,336.

ಮೊತ್ತ ಕಡಿಮೆ ಬಂದರೆ ಅದು ಕೊರತೆಯ ಸಂಖ್ಯೆ, ಜಾಸ್ತಿ ಬಂದರೆ ಅಧಿಕ ಸಂಖ್ಯೆ. ಎಲ್ಲ ಅವಿಭಾಜ್ಯ ಸಂಖ್ಯೆಗಳೂ ಕೊರತೆಯವು, ಯಾಕೆಂದರೆ ಅವುಗಳಿಗೆ ಕೂಡಲು 1 ಬಿಟ್ಟರೆ ಬೇರೇನೂ ಇಲ್ಲ. 12 ಅಧಿಕ: 1 + 2 + 3 + 4 + 6 = 16. ಈ ಎರಡರ ನಡುವೆ ಸರಿಯಾಗಿ ಗೆರೆಯ ಮೇಲೆ ನಿಲ್ಲುವವು ತೀರಾ ವಿರಳ. ಮೂರೂವರೆ ಕೋಟಿಯೊಳಗೆ ಐದೇ ಐದು.

ಇಷ್ಟು ದೊಡ್ಡ ಸಂಖ್ಯೆಯ ಅಪವರ್ತನಗಳನ್ನೆಲ್ಲ ಕೂಡಲು ಸಾಧ್ಯವಾ?

ಖಂಡಿತ. ಅಪವರ್ತನಗಳು ಬರೀ 26. ಮೊದಲ 13 ಇವು: 1, 2, 4, 8, 16, 32, 64, 128, 256, 512, 1024, 2048, 4096. ಇವುಗಳಲ್ಲಿ ಪ್ರತಿಯೊಂದನ್ನೂ 8191ರಿಂದ ಗುಣಿಸಿದರೆ ಉಳಿದ 13 ಸಿಗುತ್ತವೆ: 8191, 16,382, 32,764, ಹೀಗೆ ಹೋಗಿ ಕೊನೆಯದು 3,35,50,336.

ಈಗ ಕೂಡೋಣ. ಮೊದಲ ಗುಂಪಿನ ಮೊತ್ತ 8191. ಇದನ್ನೇ ಗಮನಿಸಬೇಕು: 1ರಿಂದ ಶುರುವಾಗಿ ದುಪ್ಪಟ್ಟಾಗುತ್ತಾ ಹೋಗುವ ಸಾಲನ್ನು ಕೂಡಿದರೆ ಮುಂದಿನ ದುಪ್ಪಟ್ಟಿಗಿಂತ ಒಂದು ಕಡಿಮೆ ಬರುತ್ತದೆ. ಎರಡನೆಯ ಗುಂಪಿನಲ್ಲಿ ಕೊನೆಯದನ್ನು ಬಿಡಬೇಕು, ಅದು ಸಂಖ್ಯೆಯೇ ಅಲ್ವಾ. ಉಳಿದದ್ದು 8191 × (1 + 2 + 4 + … + 2048), ಅಂದರೆ 8191 × 4095. ಮೊದಲ ಗುಂಪಿನಿಂದ ಬಂದದ್ದು ಇನ್ನೊಂದು 8191. ಎರಡೂ ಸೇರಿ 8191 × 4096. ಹೊರಟಲ್ಲಿಗೇ ಬಂದೆವು.

ಈ ವಾದದಲ್ಲಿ 13 ಎಂಬ ಸಂಖ್ಯೆಗೆ ವಿಶೇಷ ಪಾತ್ರವೇನೂ ಇಲ್ಲ. 2ᵖ − 1 ಅವಿಭಾಜ್ಯವಾದರೆ ಸಾಕು, 2ᵖ⁻¹ × (2ᵖ − 1) ಪರಿಪೂರ್ಣ. ಸುಮಾರು ಕ್ರಿ.ಪೂ. 300ರಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಒಂಬತ್ತನೆಯ ಪುಸ್ತಕದ ಕೊನೆಯ ಪ್ರಮೇಯವಾಗಿ ಸಾಧಿಸಿದ್ದು ಇದನ್ನೇ. ಎಲ್ಲ ಸಮ ಪರಿಪೂರ್ಣ ಸಂಖ್ಯೆಗಳೂ ಇದೇ ರೂಪದಲ್ಲಿರಲೇಬೇಕು ಎಂದು ತೋರಿಸಲು 18ನೇ ಶತಮಾನದ ಗಣಿತಜ್ಞ ಆಯ್ಲರ್ ಬರಬೇಕಾಯಿತು. ನಡುವೆ ಎರಡು ಸಾವಿರ ವರ್ಷ ಕಳೆದಿತ್ತು. ಆಯ್ಲರನ ಆ ಸಾಧನೆ ಅಚ್ಚಾದದ್ದು 1849ರಲ್ಲಿ, ಆತ ತೀರಿಕೊಂಡು ಆರು ದಶಕಗಳು ದಾಟಿದ ಮೇಲೆ.

8191 ಅವಿಭಾಜ್ಯ ಎಂದು ನಂಬುವುದು ಹೇಗೆ?

ನಂಬಬೇಕಾಗಿಲ್ಲ, ಪರೀಕ್ಷಿಸಿ. 8191ರ ವರ್ಗಮೂಲ ಸುಮಾರು 90.5. ಹಾಗಾಗಿ 90ರೊಳಗಿನ ಯಾವ ಅವಿಭಾಜ್ಯವೂ ಅದನ್ನು ಭಾಗಿಸದಿದ್ದರೆ ಕೆಲಸ ಮುಗಿಯಿತು. ಅಂಥವು 24 ಇವೆ. ಅಷ್ಟನ್ನೂ ಭಾಗಿಸಿ ನೋಡಬಹುದು, ಆದರೆ ಬೇಡ.

1640ರಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾ ಒಂದು ಸೊಗಸಾದ ದಾರಿ ತೋರಿಸಿದ. 2¹³ − 1 ಅನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು 13ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಆ ಅವಿಭಾಜ್ಯ ಬೆಸ ಸಂಖ್ಯೆಯಾದ್ದರಿಂದ 26ರಿಂದ ಭಾಗಿಸಿದರೂ ಶೇಷ 1. ಅಂದರೆ ನಾವು ನೋಡಬೇಕಾದದ್ದು 27, 53, 79 ಮಾತ್ರ. 27 ಅವಿಭಾಜ್ಯವಲ್ಲ, ಬಿಟ್ಟುಬಿಡಿ. 53 × 154 = 8162, ಶೇಷ 29. 79 × 103 = 8137, ಶೇಷ 54. ಎರಡೇ ಭಾಗಾಕಾರ, 8191 ಅವಿಭಾಜ್ಯ ಎಂದು ತೀರ್ಮಾನ. ಇಪ್ಪತ್ನಾಲ್ಕರ ಕೆಲಸ ಎರಡಕ್ಕೆ ಇಳಿಯಿತಲ್ಲ, ಸಂಖ್ಯಾ ಸಿದ್ಧಾಂತದ ರುಚಿ ಹತ್ತುವುದೇ ಇಂಥ ಕಡೆ.

ಲ್ಯೂಕಾ–ಲೆಹ್ಮರ್ ಪರೀಕ್ಷೆ ಎಂದು ಕೇಳಿದ್ದೇವೆ. ಅದು ಇಲ್ಲಿ ಹೇಗೆ ನಡೆಯುತ್ತದೆ?

4ರಿಂದ ಶುರು ಮಾಡಿ. ಸಂಖ್ಯೆಯ ವರ್ಗ ಮಾಡಿ, 2 ಕಳೆಯಿರಿ, 8191ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಹೀಗೆ 11 ಸಲ ಮಾಡಿ, ಅಂದರೆ 13ಕ್ಕಿಂತ ಎರಡು ಕಡಿಮೆ. ಕೊನೆಗೆ 0 ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ.

ಬರುವ ಸಾಲು ಇದು: 4, 14, 194, 4870, 3953, 5970, 1857, 36, 1294, 3470, 128, 0.

ಕೊನೆಯ ಹೆಜ್ಜೆಯನ್ನು ನೋಡಿ. 128ರ ವರ್ಗ 16,384. ಎರಡು ಕಳೆದರೆ 16,382. ಅದು 8191ರ ಸರಿಯಾಗಿ ಎರಡರಷ್ಟು! ಎಲ್ಲೆಲ್ಲೋ ಅಲೆದ ಸಾಲು ಹನ್ನೊಂದನೆಯ ಹೆಜ್ಜೆಗೆ ಕರಾರುವಾಕ್ಕಾಗಿ ಸೊನ್ನೆಗೆ ಬಂದು ಬೀಳುತ್ತದೆ. ಇಷ್ಟು ಚಿಕ್ಕ ಸಂಖ್ಯೆಗೆ ಈ ಪರೀಕ್ಷೆಯ ಅಗತ್ಯ ಇಲ್ಲ, ಮೇಲಿನ ಎರಡು ಭಾಗಾಕಾರಗಳೇ ಸಾಕು. ಆದರೆ ಕೋಟಿಗಟ್ಟಲೆ ಅಂಕಿಗಳಿರುವ, 2ᵖ − 1 ರೂಪದ ಸಂಖ್ಯೆಗಳಿಗೂ ಇದೇ ವಿಧಾನ ಸಲ್ಲುತ್ತದೆ. ಕಲಿಯಲು 8191 ಹೇಳಿ ಮಾಡಿಸಿದಂತಿದೆ.

8128 ಆದಮೇಲೆ ಒಮ್ಮೆಲೇ ಮೂರು ಕೋಟಿಗೆ ಹಾರುವುದೇಕೆ? ನಡುವೆ ಒಂದೂ ಇಲ್ಲವಾ?

ಇಲ್ಲ. ಐದು, ಆರು, ಏಳು ಅಂಕಿಯ ಪರಿಪೂರ್ಣ ಸಂಖ್ಯೆ ಒಂದೂ ಇಲ್ಲ. ನನ್ನ ಮಟ್ಟಿಗೆ ಈ ಸಂಖ್ಯೆಯ ಕಥೆಯಲ್ಲಿ ತುಂಬಾ ಮುಖ್ಯವಾದ ಜಾಗ ಇದೇ.

ಮೊದಲ ನಾಲ್ಕು ಸಂಖ್ಯೆಗಳು ಬಂದದ್ದು 2, 3, 5, 7 ಎಂಬ ಘಾತಗಳಿಂದ (ಮೇಲಿನ ಸೂತ್ರದ p). ಸಾಲಾಗಿ ಬಂದ ಅವಿಭಾಜ್ಯಗಳು. ಮುಂದಿನದು 9 ಇರಬಹುದೇ? 2⁹ − 1 = 511, ಅದು 7 × 73. ಘಾತವೇ ಅವಿಭಾಜ್ಯವಲ್ಲದಿದ್ದರೆ ಹೀಗೆ ಒಡೆಯುವುದು ಖಚಿತ. ಹಾಗಾದರೆ 11? 11 ಅವಿಭಾಜ್ಯ ತಾನೇ, ಕೆಲಸ ಮಾಡಬೇಕಿತ್ತು. ಆದರೆ 2¹¹ − 1 = 2047 = 23 × 89. ಇಲ್ಲಿಯೇ ಸರಪಳಿ ಕಡಿದುಹೋಗುತ್ತದೆ.

ಇದನ್ನು ಪರೀಕ್ಷಿಸದೆ ಮುಂದೆ ಹೋದವರು 1,30,816 (256 × 511) ಮತ್ತು 20,96,128 (1024 × 2047) ಎರಡನ್ನೂ ಪರಿಪೂರ್ಣ ಎಂದು ಪಟ್ಟಿಗೆ ಸೇರಿಸಿದ್ದುಂಟು. 20,96,128ರ ಉಳಿದ ಅಪವರ್ತನಗಳ ಮೊತ್ತ 23,25,392. ಎರಡು ಲಕ್ಷಕ್ಕೂ ಜಾಸ್ತಿ ಹೆಚ್ಚು. ಅದು ಅಧಿಕ ಸಂಖ್ಯೆ, ಪರಿಪೂರ್ಣವಲ್ಲ. 12 ಘಾತವಾಗಿ ಬರುವಂತಿಲ್ಲ, ಹಾಗಾಗಿ ನಿಜವಾದ ಐದನೆಯದಕ್ಕೆ 13ರವರೆಗೆ ಕಾಯಬೇಕು. ಘಾತ 7ರಿಂದ 13ಕ್ಕೆ ಏರಿದಾಗ ಪರಿಪೂರ್ಣ ಸಂಖ್ಯೆ ಸಾವಿರಗಳಿಂದ ಕೋಟಿಗಳಿಗೆ ಜಿಗಿಯುತ್ತದೆ.

ಹಳಬರು ಇದನ್ನು ಮೊದಲೇ ಊಹಿಸಿರಲಿಲ್ಲವೇ?

ಬೇರೆಯದೇ ಊಹಿಸಿದ್ದರು. ಸುಮಾರು ಕ್ರಿ.ಶ. 100ರಲ್ಲಿ ಗ್ರೀಕ್ ಲೇಖಕ ನಿಕೋಮೇಕಸ್ 6, 28, 496, 8128 ಎಂದು ಪಟ್ಟಿ ಕೊಟ್ಟ. ಒಂದಂಕಿಯದು ಒಂದು, ಎರಡಂಕಿಯದು ಒಂದು, ಮೂರಂಕಿಯದು ಒಂದು, ನಾಲ್ಕಂಕಿಯದು ಒಂದು. ಕೊನೆಯ ಅಂಕಿಗಳು 6, 8, 6, 8. ನೋಡಿದರೆ ಯಾರಿಗಾದರೂ ಕ್ರಮ ಕಾಣಿಸುತ್ತದೆ. ಅದು ಹಾಗೇ ಮುಂದುವರಿಯುತ್ತದೆ ಎಂದು ಬರೆದ. ಸಾವಿರಕ್ಕೂ ಹೆಚ್ಚು ವರ್ಷ ಈ ಮಾತು ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂತು.

ಮೊದಲ ಊಹೆಯನ್ನು 3,35,50,336 ಮುರಿಯುತ್ತದೆ: ಐದನೆಯದಕ್ಕೆ ಐದಲ್ಲ, ಎಂಟು ಅಂಕಿ. ಎರಡನೆಯ ಊಹೆ ಐದನೆಯದನ್ನು ಹೇಗೋ ದಾಟುತ್ತದೆ, ಕೊನೆಯಲ್ಲಿ 6 ಇದೆ. ಆದರೆ ಆರನೆಯದು 8,58,98,69,056. ಅದೂ 6ರಲ್ಲೇ ಮುಗಿಯುತ್ತದೆ. ನಾಲ್ಕು ಉದಾಹರಣೆ ನೋಡಿ ನಿಯಮ ಹೇಳಬಾರದು ಎಂಬುದಕ್ಕೆ ಗಣಿತದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಕಂಡುಹಿಡಿದವರು ಯಾರು?

ಒಬ್ಬರ ಹೆಸರು ಹೇಳುವುದು ಸರಿಯಲ್ಲ. 13ನೇ ಶತಮಾನದ ಅರಬ್ ಗಣಿತಜ್ಞ ಇಬ್ನ್ ಫಲ್ಲೂಸ್ ಕೊಟ್ಟ ಪಟ್ಟಿಯಲ್ಲಿ ಮೊದಲ ಏಳು ಪರಿಪೂರ್ಣ ಸಂಖ್ಯೆಗಳು ಸರಿಯಾಗಿವೆ, ಇದೂ ಸೇರಿ. ಯುರೋಪಿನಲ್ಲಿ 15ನೇ ಶತಮಾನದ, ಬರೆದವರ ಹೆಸರಿಲ್ಲದ ಒಂದು ಹಸ್ತಪ್ರತಿಯಲ್ಲಿ ಇದು ಸಿಗುತ್ತದೆ. 1536ರಲ್ಲಿ ಹುಡಾಲ್ರಿಕಸ್ ರೇಗಿಯಸ್ 2047 ಒಡೆಯುತ್ತದೆ ಎಂದು ತೋರಿಸಿ, 13ನೇ ಘಾತದಿಂದ ಬರುವ ಈ ಸಂಖ್ಯೆಯನ್ನು ಅಚ್ಚಿನಲ್ಲಿ ಕೊಟ್ಟ. ಆರನೆಯ ಮತ್ತು ಏಳನೆಯದಕ್ಕೆ ಪೂರ್ತಿ ಲೆಕ್ಕ ಹಾಕಿದವನು ಇಟಲಿಯ ಕತಾಲ್ಡಿ, 1588ರಲ್ಲಿ.

ಕೊನೆಯ ಅಂಕಿ 6 ಬರಲು ಕಾರಣವೇನು?

4096ರ ಕೊನೆ 6, 8191ರ ಕೊನೆ 1. ಗುಣಿಸಿದರೆ 6. ಸಾಮಾನ್ಯವಾಗಿ ಹೇಳುವುದಾದರೆ, ಘಾತವನ್ನು 4ರಿಂದ ಭಾಗಿಸಿದಾಗ ಶೇಷ 1 ಬಂದರೆ ಕೊನೆಯ ಅಂಕಿ 6, ಶೇಷ 3 ಬಂದರೆ 8. 13 ಮತ್ತು 17 ಎರಡಕ್ಕೂ ಶೇಷ 1. ಆದ್ದರಿಂದಲೇ ಐದನೆಯದು, ಆರನೆಯದು ಎರಡೂ 6ರಲ್ಲಿ ಮುಗಿದವು.

ಅಂಕಿಗಳನ್ನು ಕೂಡಿದರೆ?

3 + 3 + 5 + 5 + 0 + 3 + 3 + 6 = 28. ಅದೂ ಒಂದು ಪರಿಪೂರ್ಣ ಸಂಖ್ಯೆ! ಇದು ಬರೀ ಕಾಕತಾಳೀಯ, ಹಿಂದೆ ನಿಯಮವೇನೂ ಇಲ್ಲ, ಆದರೂ ಖುಷಿ ಕೊಡುತ್ತದೆ. ನಿಯಮ ಇರುವುದು ಇನ್ನೊಂದು ಹೆಜ್ಜೆ ಮುಂದೆ: 2 + 8 = 10, 1 + 0 = 1. 6 ಒಂದನ್ನು ಬಿಟ್ಟು ಎಲ್ಲ ಸಮ ಪರಿಪೂರ್ಣ ಸಂಖ್ಯೆಗಳೂ ಹೀಗೆ ಕೂಡುತ್ತಾ ಹೋದರೆ 1ಕ್ಕೆ ಬರುತ್ತವೆ.

ಇದು ತ್ರಿಕೋನ ಸಂಖ್ಯೆಯೂ ಹೌದಾ?

ಹೌದು. 1 + 2 + 3 + … + 8191 ಕೂಡಿದರೆ 8191 × 8192 ÷ 2, ಅಂದರೆ ನಮ್ಮ ಸಂಖ್ಯೆಯೇ. ಇದಕ್ಕಿಂತ ಚೆಂದದ ಸಂಗತಿ ಇದೆ: ಒಂದರ ಹಿಂದೆ ಒಂದು ಬರುವ ಧನ ಪೂರ್ಣ ಸಂಖ್ಯೆಗಳ ಮೊತ್ತವಾಗಿ ಇದನ್ನು ಬರೆಯುವ ದಾರಿ ಇದೊಂದೇ. ಅಂಥ ದಾರಿಗಳ ಲೆಕ್ಕ ಬೆಸ ಅಪವರ್ತನಗಳ ಲೆಕ್ಕದಷ್ಟೇ ಇರುತ್ತದೆ. ಇಲ್ಲಿ ಬೆಸ ಅಪವರ್ತನಗಳು 1 ಮತ್ತು 8191 ಎರಡೇ. ಒಂದು ದಾರಿ ಸಂಖ್ಯೆಯನ್ನು ಒಂಟಿಯಾಗಿ ಬರೆಯುವುದಕ್ಕೆ ಹೋಯಿತು, ಉಳಿದದ್ದು ಇದು. ಜೊತೆಗೆ ಇದು ಷಟ್ಕೋನ ಸಂಖ್ಯೆಯೂ (n × (2n − 1) ರೂಪದ್ದು) ಹೌದು, 4096ನೆಯದು.

ವರ್ಗ ಅಥವಾ ಘನ ಸಂಖ್ಯೆಯೇ?

ಎರಡೂ ಅಲ್ಲ. 5792ರ ವರ್ಗಕ್ಕಿಂತ ಹೆಚ್ಚು, 5793ರ ವರ್ಗಕ್ಕಿಂತ ಕಡಿಮೆ. 322ರ ಘನ ಮತ್ತು 323ರ ಘನದ ನಡುವೆ ಇದೆ.

ಆದರೆ ಘನಗಳ ಮೊತ್ತವಾಗಿ ಇದು ಅದ್ಭುತ. ಮೊದಲ 64 ಬೆಸ ಸಂಖ್ಯೆಗಳ ಘನಗಳನ್ನು ಕೂಡಿ: 1³ + 3³ + 5³ + … + 127³ = 3,35,50,336. ಚಿಕ್ಕದರಲ್ಲಿ ನೋಡಿದರೆ 28 = 1 + 27, ಮತ್ತು 496 = 1 + 27 + 125 + 343. ಮೊದಲ n ಬೆಸ ಘನಗಳ ಮೊತ್ತ n²(2n² − 1). n ಜಾಗದಲ್ಲಿ 64 ಹಾಕಿ, ನಮ್ಮ 4096 × 8191 ತಾನಾಗಿ ಎದುರಿಗೆ ಬರುತ್ತದೆ.

ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ?

ಆಗದು. ಮೂರರಲ್ಲೂ ಆಗದು. 8191 ಅನ್ನು 8ರಿಂದ ಭಾಗಿಸಿದರೆ ಶೇಷ 7, ಮತ್ತು 4096 ಎಂಬುದು 4ರ ಆರನೆಯ ಘಾತ. 4ರ ಒಂದು ಘಾತವನ್ನು ಇಂಥ ಶೇಷ 7ರ ಸಂಖ್ಯೆಯಿಂದ ಗುಣಿಸಿದರೆ ಬರುವ ಯಾವ ಸಂಖ್ಯೆಯೂ ಮೂರು ವರ್ಗಗಳ ಮೊತ್ತವಲ್ಲ ಎಂದು ಲೆಜಾಂಡ್ರನ ಪ್ರಮೇಯ ಹೇಳುತ್ತದೆ. ನಾಲ್ಕು ವರ್ಗ ಇದ್ದರೆ ಯಾವ ಸಂಖ್ಯೆಗಾದರೂ ಸಾಕು ಎಂದು 1770ರಲ್ಲಿ ಲಗ್ರಾಂಜ್ ಸಾಧಿಸಿದ್ದ. ಇದಕ್ಕೆ ಆ ನಾಲ್ಕೂ ಬೇಕು.

ಒಂದು ದಾರಿ: 5760² + 576² + 192² + 64². ಕೂಡಿ ನೋಡಿ: 3,31,77,600 + 3,31,776 + 36,864 + 4096 = 3,35,50,336. ಇದು ಸಿಕ್ಕಿದ್ದು 8191 = 90² + 9² + 3² + 1² ಎಂಬುದರಿಂದ. ಪ್ರತಿಯೊಂದನ್ನೂ 64ರಿಂದ ಗುಣಿಸಿದ್ದು ಅಷ್ಟೇ.

8191ಕ್ಕೆ ತನ್ನದೇ ಆದ ವಿಶೇಷ ಏನಾದರೂ ಇದೆಯೇ?

ಇದೆ, ಮತ್ತು ಅದು ಇನ್ನೂ ಪೂರ್ತಿ ಬಗೆಹರಿದಿಲ್ಲ. 8191 = 1 + 2 + 4 + … + 4096, ಅಂದರೆ ಆಧಾರ 2ರಲ್ಲಿ ಬರೆದರೆ ಎಲ್ಲವೂ ಒಂದುಗಳೇ, ಹದಿಮೂರು. ಅದೇ 8191 = 1 + 90 + 8100, ಅಂದರೆ ಆಧಾರ 90ರಲ್ಲಿ ಬರೆದರೆ 111. ಎರಡು ಬೇರೆ ಆಧಾರಗಳಲ್ಲಿ, ಕನಿಷ್ಠ ಮೂರು ಅಂಕಿಯಿದ್ದು, ಎಲ್ಲವೂ ಒಂದುಗಳಾಗುವ ಸಂಖ್ಯೆಗಳಲ್ಲಿ ಇದುವರೆಗೆ ಗೊತ್ತಿರುವವು ಎರಡೇ: 31 (ಆಧಾರ 2 ಮತ್ತು 5) ಹಾಗೂ 8191. ಬೇರೆ ಇಲ್ಲ ಎಂಬ ಊಹೆ ಗೂರ್ಮಾಗ್ಟಿಗ್ ಹೆಸರಿನಲ್ಲಿದೆ. ಯಾರೂ ಅದನ್ನು ಪೂರ್ತಿಯಾಗಿ ಸಾಧಿಸಿಲ್ಲ.

ಕಂಪ್ಯೂಟರ್ ಒಳಗೆ ಇದು ಹೇಗೆ ಕಾಣುತ್ತದೆ?

ದ್ವಿಮಾನದಲ್ಲಿ: 1111111111111000000000000. ಹದಿಮೂರು ಒಂದು, ಹನ್ನೆರಡು ಸೊನ್ನೆ, ಒಟ್ಟು 25 ಬಿಟ್. ಅಂದರೆ 2²⁵ − 2¹². ಹದಿನಾರರ ಆಧಾರದಲ್ಲಿ 1 ಆದಮೇಲೆ ಮೂರು ಎಫ್, ಆಮೇಲೆ ಮೂರು ಸೊನ್ನೆ.

ಪ್ರೋಗ್ರಾಂ ಬರೆಯುವವರಿಗೆ ಒಂದು ಮಾತು. 32 ಬಿಟ್ ಫ್ಲೋಟ್‌ನಲ್ಲಿ 1,67,77,216 ದಾಟಿದ ಮೇಲೆ ಎಲ್ಲ ಪೂರ್ಣ ಸಂಖ್ಯೆಗಳೂ ಸರಿಯಾಗಿ ಕೂರುವುದಿಲ್ಲ. ಆದರೆ 3,35,50,336 ಕೂರುತ್ತದೆ, ಯಾಕೆಂದರೆ ಅದಕ್ಕೆ ಬೇಕಾದ ಮುಖ್ಯ ಬಿಟ್‌ಗಳು 13 ಮಾತ್ರ. ಪಕ್ಕದ 3,35,50,337 ಕೂರುವುದಿಲ್ಲ.

ಪ್ರೋಗ್ರಾಂ ಬರೆದು ಪರೀಕ್ಷಿಸಬೇಕಾದರೆ?

1ರಿಂದ ಅರ್ಧದವರೆಗೆ ಎಲ್ಲವನ್ನೂ ಭಾಗಿಸುವ ಲೂಪ್ ಹಾಕಿದರೆ 1,67,75,168 ಸುತ್ತು ಆಗುತ್ತದೆ. 5792ರವರೆಗೆ ಮಾತ್ರ ಹೋಗಿ, ಭಾಗವಾದಾಗಲೆಲ್ಲ ಅದರ ಜೋಡಿಯನ್ನೂ ಕೂಡಿಕೊಳ್ಳಿ. ಸುಮ್ನೆ ಕಾಯುವುದು ತಪ್ಪುತ್ತದೆ.

ಅಪವರ್ತನಗಳ ಹರಾತ್ಮಕ ಸರಾಸರಿ 13 ಅಂತಾರೆ, ನಿಜವೇ?

ನಿಜ. ಪರಿಪೂರ್ಣ ಸಂಖ್ಯೆಯ ಎಲ್ಲ ಅಪವರ್ತನಗಳ ವ್ಯುತ್ಕ್ರಮಗಳನ್ನು ಕೂಡಿದರೆ ಯಾವಾಗಲೂ 2. 6ರಲ್ಲಿ ನೋಡಿ: 1 + ½ + ⅓ + ⅙ = 2. ಹರಾತ್ಮಕ ಸರಾಸರಿ ಅಂದರೆ ಎಣಿಕೆಯನ್ನು ಈ ವ್ಯುತ್ಕ್ರಮಗಳ ಮೊತ್ತದಿಂದ ಭಾಗಿಸಿದ್ದು. ಇಲ್ಲಿ ಅಪವರ್ತನಗಳು 26, ಹಾಗಾಗಿ ಹರಾತ್ಮಕ ಸರಾಸರಿ 26 ÷ 2 = 13. ನಾವು ಶುರು ಮಾಡಿದ ಘಾತವೇ ಅದು.

ಇದರ ಅಪವರ್ತನಗಳಿಂದ ಬೇರೆ ಸಂಖ್ಯೆಗಳನ್ನು ಕಟ್ಟಬಹುದಂತೆ?

3,35,50,336ರವರೆಗಿನ ಯಾವ ಸಂಖ್ಯೆಯನ್ನು ಬೇಕಾದರೂ, ಒಂದು ಅಪವರ್ತನವನ್ನು ಒಂದೇ ಸಲ ಬಳಸಿ ಕಟ್ಟಬಹುದು. ಒಂದು ಕೋಟಿ ತೆಗೆದುಕೊಳ್ಳಿ. 8191ರಿಂದ ಭಾಗಿಸಿದರೆ ಭಾಗಲಬ್ಧ 1220, ಶೇಷ 6980. 1220 = 1024 + 128 + 64 + 4. 6980 = 4096 + 2048 + 512 + 256 + 64 + 4. ಮೊದಲ ಸಾಲಿನ ನಾಲ್ಕನ್ನು 8191ರಿಂದ ಗುಣಿಸಿ, ಎರಡನೆಯ ಸಾಲನ್ನು ಹಾಗೇ ಇಟ್ಟು ಕೂಡಿ. ಹತ್ತು ಅಪವರ್ತನಗಳಲ್ಲಿ ಸರಿಯಾಗಿ ಒಂದು ಕೋಟಿ.

ಹರ್ಷದ್ ಸಂಖ್ಯೆಯೇ? ಹ್ಯಾಪಿ ಸಂಖ್ಯೆಯೇ?

ಎರಡೂ ಅಲ್ಲ. ತನ್ನ ಅಂಕಿಗಳ ಮೊತ್ತದಿಂದ ಭಾಗವಾಗುವುದು ಹರ್ಷದ್ ಸಂಖ್ಯೆ. ಅಂಕಿಗಳ ಮೊತ್ತ 28ರಿಂದ ಇದು ಭಾಗವಾಗುವುದಿಲ್ಲ, 7 ಇದರ ಅಪವರ್ತನವಲ್ಲ. ಅಂಕಿಗಳ ವರ್ಗಗಳನ್ನು ಮತ್ತೆ ಮತ್ತೆ ಕೂಡಿದಾಗ 1ಕ್ಕೆ ಬರುವುದು ಹ್ಯಾಪಿ ಸಂಖ್ಯೆ. ಇಲ್ಲಿ ಹಾಗೆ ಕೂಡುತ್ತಾ ಹೋದರೆ 122, 9, 81, 65, 61, 37, 58, 89 ಎಂದು ಸಾಗಿ ಸುತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ, 1ಕ್ಕೆ ಬರುವುದಿಲ್ಲ.

ಇದರಿಂದ ನೇರ ಉಪಯೋಗ ಏನು?

ಈ ಸಂಖ್ಯೆಯಿಂದ ನೇರ ಉಪಯೋಗ ಇಲ್ಲ. ಆದರೆ 8191ರ ಜಾತಿಯ ಮರ್ಸೆನ್ ಅವಿಭಾಜ್ಯಗಳಿಗೆ, ಅಂದರೆ 2ᵖ − 1 ರೂಪದ ಅವಿಭಾಜ್ಯಗಳಿಗೆ, ಇದೆ. ಕಂಪ್ಯೂಟರಿನಲ್ಲಿ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಮರ್ಸೆನ್ ಟ್ವಿಸ್ಟರ್ ವಿಧಾನ 2¹⁹⁹³⁷ − 1 ಅನ್ನು ಆಧರಿಸಿದೆ.

ಈಗ ಒಟ್ಟು ಎಷ್ಟು ಪರಿಪೂರ್ಣ ಸಂಖ್ಯೆಗಳು ಗೊತ್ತಿವೆ? ಬೆಸ ಸಂಖ್ಯೆ ಯಾವುದಾದರೂ ಇದೆಯೇ?

2024ರ ಅಕ್ಟೋಬರ್‌ನಲ್ಲಿ ಘಾತ 13,62,79,841ರ ಮರ್ಸೆನ್ ಅವಿಭಾಜ್ಯ ಪ್ರಕಟವಾದಾಗ ಲೆಕ್ಕ 52ಕ್ಕೆ ಮುಟ್ಟಿತು. ಅದನ್ನು ಕಂಡುಹಿಡಿದದ್ದು ಜಿಂಪ್ಸ್ ಎಂಬ, 1996ರಿಂದ ನಡೆಯುತ್ತಿರುವ ಸ್ವಯಂಸೇವಕರ ಯೋಜನೆ. ಅದರಿಂದ ಬರುವ ಪರಿಪೂರ್ಣ ಸಂಖ್ಯೆಗೆ 8,20,48,640 ಅಂಕಿಗಳಿವೆ. ನಮ್ಮ ಸಂಖ್ಯೆಗೆ ಎಂಟು.

ಇವೆಲ್ಲ ಸಮ ಸಂಖ್ಯೆಗಳು. ಬೆಸ ಪರಿಪೂರ್ಣ ಸಂಖ್ಯೆ ಒಂದೂ ಸಿಕ್ಕಿಲ್ಲ, ಇಲ್ಲವೆಂದು ಯಾರೂ ಸಾಧಿಸಿಯೂ ಇಲ್ಲ. ಇದ್ದರೆ ಅದು 10¹⁵⁰⁰ಕ್ಕಿಂತ ದೊಡ್ಡದಿರಬೇಕು ಎಂದು 2012ರಲ್ಲಿ ಓಶೆಮ್ ಮತ್ತು ರಾವ್ ತೋರಿಸಿದರು. ಸಮ ಪರಿಪೂರ್ಣ ಸಂಖ್ಯೆಗಳು ಎಲ್ಲಾದರೂ ಮುಗಿಯುತ್ತವೆಯೋ, ಅನಂತವಾಗಿ ಸಾಗುತ್ತವೆಯೋ ಎಂಬ ಪ್ರಶ್ನೆಗೂ ಇನ್ನೂ ಉತ್ತರ ಸಿಕ್ಕಿಲ್ಲ.